ಹಾರನಹಳ್ಳಿ ಕಡೆಯಿಂದ ತಂದ ಮಡಕೆ

ಹಾರನಹಳ್ಳಿ ಎಂದ ಕೂಡಲೇ ನಿಮಗೆ ಅರಸೀಕೆರೆ ಹತ್ತಿರದ ಹೊಯ್ಸಳರ ಸೋಮೇಶ್ವರ ದೇವಾಲಯ ನೆನಪಾಗಬಹುದು. ನಾನು ಹೇಳಹೊರಟಿರುವುದು ಆ ಊರಲ್ಲ, ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ನನ್ನ ನಾದಿನಿಯ ಮಗಳು ಆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. "ಅತ್ತೆ, ಸದಾ ಮನೆ, ಅಡುಗೆ ಅಂತ ಗೊಣಗ್ತೀರಲ್ಲ, ಒಂದು ದಿನ ನಮ್ಮ ಸ್ಕೂಲಿಗೆ ಬನ್ನಿ. ಮಕ್ಕಳನ್ನ ಕುಂಬಾರರ ಮನೆಗೆ ಕರ್ಕೊಂಡು ಹೋಗ್ತಾ ಇದೀನಿ" ಎಂದಳು. ಫೆಬ್ರವರಿಯ ಒಂದು ಬೆಳಿಗ್ಗೆ ಮನೆಯವರಿಗೆ ಉಪ್ಪಿಟ್ಟು ಮಾಡಿಟ್ಟು ಹೊರಟೇಬಿಟ್ಟೆ.

2023ರ ಜೂನ್‌ನಿಂದ ನಮಗೆ, ಹೆಂಗಸರಿಗೆ, ಸಾರಿಗೆ ಬಸ್ಸು ಉಚಿತ ತಾನೇ? ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. ಈ ಸೊನ್ನೆ ರೂಪಾಯಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಹುಣಸೂರು ದಾಟಿದ ಮೇಲೆ ಹೊಲಗಳ ನಡುವೆ ಎತ್ತರದ ಗೋಡೆಯ ಪುಟ್ಟ ಮನೆಗಳು ಕಾಣುತ್ತವೆ. ವಾಸದ ಮನೆಗಳಲ್ಲ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಹಂಗಾಮು ಮುಗಿದು ಅವೆಲ್ಲ ತಣ್ಣಗೆ ನಿಂತಿದ್ದವು.

ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ! ಅಯ್ಯೋ, ಮೇಷ್ಟ್ರು ಸಾಲದೆ ಹೀಗೆ ಕೂಡಿಹಾಕಿದ್ದಾರಲ್ಲ ಎಂದುಕೊಂಡೆ. ಅದು ನಲಿ-ಕಲಿಯಂತೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಗೋಡೆಯ ತಗ್ಗಿನಲ್ಲಿ ಅವರ ಕೈಗೆಟುಕುವಂತೆ ಕಪ್ಪುಹಲಗೆ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಅವರೇ ಬರೆದ ಚಿತ್ರಗಳ ತೋರಣ. ನಮ್ಮ ಕಾಲದಲ್ಲಿ ಮಗ್ಗಿ ತಪ್ಪಿದರೆ ಬೆತ್ತ ಇತ್ತು, ಅಷ್ಟೇ!

ಮಧ್ಯಾಹ್ನ ಅನ್ನ ಸಾಂಬಾರು ಉಂಡು, ಐದನೆಯ ತರಗತಿಯ ಮಕ್ಕಳ ಜೊತೆ ಕುಂಬಾರರ ಮನೆಗೆ ನಡೆದೆವು. ಆ ಮನೆಯ ಮೊಮ್ಮಗಳೂ ಅದೇ ತರಗತಿಯವಳು.

ಜಗಲಿಯ ಮೇಲೆ ಅಜ್ಜ ತಿಗರಿ ಮುಂದೆ ಕೂತಿದ್ದರು. ಈಗ ಅದಕ್ಕೆ ಮೋಟಾರು ಬಂದಿದೆ. ಮಣ್ಣಿನ ಮುದ್ದೆ ಅವರ ಬೆರಳಿಗೆ ಸಿಕ್ಕಿ ಮೇಲೆದ್ದು, ಕಂಠವಾಗಿ, ಬಾಯಾಗಿ ಅರಳುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ತಿಗರಿಯಿಂದ ಇಳಿದಾಗ ಮಡಕೆಗೆ ತಳವೇ ಇರುವುದಿಲ್ಲ ಎಂದು ನಿಮಗೆ ಗೊತ್ತೇ? ನನಗಂತೂ ಗೊತ್ತಿರಲಿಲ್ಲ. ಅರ್ಧ ಒಣಗಿದ ಮೇಲೆ ಒಳಗೆ ಕಲ್ಲಿನ ಗುಂಡು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸಬೇಕು. ಹಿತ್ತಲಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಅಜ್ಜಿ.

"ಕೆರೆ ಮಣ್ಣು ಹೊರೋಳು ನಾನು, ಜರಡಿ ಹಿಡಿಯೋಳು ನಾನು, ಮರಳು ಹಾಕಿ ತುಳಿಯೋಳು ನಾನು. ಕೆಮ್ಮಣ್ಣು ಬಳಿದು ಉಜ್ಜೋಳೂ ನಾನೇ ಕಣವ್ವ. ತಿಗರಿ ಮಾತ್ರ ಮುಟ್ಟಂಗಿಲ್ಲ, ಹೆಂಗಸ್ರು ಮುಟ್ಟೋ ಪದ್ಧತಿ ನಮ್ಮಲ್ಲಿಲ್ಲ" ಎಂದರು. ಕೈ ನಿಲ್ಲಲಿಲ್ಲ. ಆವಿಗೆಗೆ ಸೌದೆಯೂ ತುಟ್ಟಿಯಂತೆ, ಸಿಕ್ಕಿದ ಸೌದೆಯೆಲ್ಲ ಬ್ಯಾರನ್ನಿಗೆ ಹೋಗುತ್ತದಂತೆ. ಸುಟ್ಟದ್ದರಲ್ಲಿ ಕೆಲವು ಬಿರುಕು ಬಿಟ್ಟೇ ಬಿಡುತ್ತವೆ.

ಇಷ್ಟೆಲ್ಲ ಕೇಳಿಯೂ ನಾನೇನು ಮಾಡಿದೆ ಗೊತ್ತೇ? ಸಾರಿನ ಮಡಕೆಯೊಂದನ್ನು ಆರಿಸಿ, ನೂರೈವತ್ತು ಎಂದದ್ದಕ್ಕೆ "ನೂರಿಪ್ಪತ್ತು ಮಾಡ್ಕೊಳ್ಳಿ" ಎಂದೆ. ಅಭ್ಯಾಸ ನೋಡಿ! ಅಜ್ಜಿ ಮಾತಾಡದೆ ಮಡಕೆಗೆ ಹುಲ್ಲು ಸುತ್ತಿ ಕೊಟ್ಟರು. ಮೊಮ್ಮಗಳು ಪಕ್ಕದಿಂದ, "ಅಜ್ಜಿ, ಮೂವತ್ತು ರೂಪಾಯಿ ಕಮ್ಮಿ ಐತೆ" ಎಂದು ಗಟ್ಟಿಯಾಗಿ ಲೆಕ್ಕ ಹೇಳಿಬಿಟ್ಟಳು. "ಇರ್ಲಿ ಬಿಡವ್ವ, ನಿಮ್ಮ ಮಿಸ್ಸಿನ ಅತ್ತೆ."

ಅಷ್ಟರಲ್ಲಿ ಜಗಲಿಯಲ್ಲಿ ಮಕ್ಕಳೆಲ್ಲ ಸರದಿಯಂತೆ ತಿಗರಿ ಮುಟ್ಟುತ್ತಿದ್ದರು, ಹುಡುಗಿಯರೂ ಕೂಡ. ಆ ಮೊಮ್ಮಗಳು ಮಾತ್ರ ಕಂಬ ಹಿಡಿದು ನಿಂತಳು. ನಮ್ಮ ಹುಡುಗಿ ಏನೂ ಹೇಳಲಿಲ್ಲ, ಅಜ್ಜನ ಮುಖ ನೋಡಿದಳು. ಅಜ್ಜ ಸ್ವಲ್ಪ ಹೊತ್ತು ಕೈಯ ಮಣ್ಣು ತೊಳೆಯುತ್ತಾ ಇದ್ದು, "ಊರ ಮಕ್ಳೆಲ್ಲ ಮುಟ್ಟಾಯ್ತು, ನೀನೂ ಬಾ" ಎಂದರು. ಅಜ್ಜಿ ಹಿತ್ತಲಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು.

ವಾಪಸು ಬರುವಾಗ ಮತ್ತೆ ಸೊನ್ನೆ ರೂಪಾಯಿ ಟಿಕೆಟ್. ತೊಡೆಯ ಮೇಲೆ ಮಡಕೆ. ಆ ಮೂವತ್ತು ರೂಪಾಯಿ ಮೈಸೂರಿನವರೆಗೂ ಚುಚ್ಚಿತು.

ಮಡಕೆ ಕೊಂಡರೆ ಕೂಡಲೇ ಒಲೆಗೇರಿಸಬೇಡಿ. ಒಂದು ದಿನ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಒಳಗೆ ಎಣ್ಣೆ ಸವರಿ, ಅಕ್ಕಿ ಗಂಜಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಚೆಲ್ಲಿ. ಆಮೇಲೆ ಹುರುಳಿಕಾಳಿನ ಸಾರು ಮಾಡಿ ನೋಡಿ, ಮಾರನೆಯ ದಿನಕ್ಕೆ ಇನ್ನೂ ರುಚಿ.

ಮುಂದಿನ ವಾರ ನಾದಿನಿಯ ಮಗಳ ಕೈಯಲ್ಲಿ ಮೂವತ್ತು ರೂಪಾಯಿ ಕಳಿಸಿದೆ. ಆವಿಗೆ ಸುಟ್ಟ ಮೇಲೆ ಅಲ್ಲಿಂದ ಒಂದು ಕುಡಿಕೆ ಬಂತು. ಬಾಯಿ ಒಂದು ಕಡೆ ವಾಲಿದೆ. ಮೊಮ್ಮಗಳು ಮಾಡಿದ್ದಂತೆ, ತಳ ತಟ್ಟಿದ್ದು ಅಜ್ಜಿಯಂತೆ. ಉಪ್ಪು ತುಂಬಿ ಒಲೆಯ ಪಕ್ಕ ಇಟ್ಟಿದ್ದೇನೆ.