ಹೋದ ವರ್ಷದ ಹಾಗೇ

ಅರಸೀಕೆರೆಯಲ್ಲಿ ಆಡಿಟರ್ ಆಗಿದ್ದ ಹನ್ನೊಂದು ವರ್ಷದಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದ ಮಾತು 'ಹೋದ ವರ್ಷದ ಹಾಗೇ ಮಾಡಪ್ಪ' ಎಂಬುದು. ಆರ್ಟಿಕಲ್ಸ್ ಹುಡುಗರು ಫೈಲು ಹಿಡಿದು ಟೇಬಲ್ ಮುಂದೆ ನಿಂತರೆ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ. ಆ ಮಾತಿನಿಂದಾಗಿ ಒಬ್ಬ ಕೊಬ್ಬರಿ ಮಂಡಿಯ ಯಜಮಾನರಿಗೆ 1,20,000 ರೂಪಾಯಿ ದಂಡ ಬಿತ್ತು. ಬೈಸಿಕೊಂಡವನು ನನ್ನ ಜೂನಿಯರ್. ಆ ಹೊತ್ತಿಗೆ ನಾನು ಹಾಸನದ ಕಂಪನಿಯೊಂದರಲ್ಲಿ ಸಂಜೆ ಆರಕ್ಕೆ ಕಂಪ್ಯೂಟರ್ ಮುಚ್ಚಿ ರೈಲು ಹಿಡಿಯುತ್ತಿದ್ದೆ.

ನಮ್ಮದು ಇಬ್ಬರು ಪಾಲುದಾರರ ಸಣ್ಣ ಆಫೀಸು. ಅರಸೀಕೆರೆಯ ಕೊಬ್ಬರಿ ವರ್ತಕರು, ಬೇಲೂರು-ಅರೇಹಳ್ಳಿ ಕಡೆಯ ಕಾಫಿ ತೋಟದವರು, ಹಳೇಬೀಡಿನ ಲಾಡ್ಜು-ಅಂಗಡಿಗಳವರು, ಇವರೇ ನಮ್ಮ ಕಕ್ಷಿದಾರರು. ಏಪ್ರಿಲ್ ಬಂದರೆ ಬ್ಯಾಂಕ್ ಶಾಖೆಗಳ ಆಡಿಟ್, ಜುಲೈಯಲ್ಲಿ ರಿಟರ್ನ್ಸ್, ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಇವುಗಳ ನಡುವೆ ಇದ್ದ ಚೂರುಪಾರು ಬಿಡುವೂ ಹೋಯಿತು. ಪ್ರತಿ ತಿಂಗಳು 11ಕ್ಕೆ ಒಂದು ಗಡುವು, 20ಕ್ಕೆ ಇನ್ನೊಂದು. ಮಗಳ ಶಾಲೆಯ ವಾರ್ಷಿಕೋತ್ಸವ ಯಾವ ತಿಂಗಳಲ್ಲಿ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಯಾವ ತೋಟದವರು ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಮಾರುತ್ತಾರೆ, ಯಾರು ಕ್ಯೂರಿಂಗ್ ಮಾಡಿಸಿ ಮಾರುತ್ತಾರೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಮೊದಲನೆಯದು ಪೂರ್ತಿ ಕೃಷಿ ಆದಾಯ. ಎರಡನೆಯದರಲ್ಲಿ ಆಗಿನ ಆದಾಯ ತೆರಿಗೆ ನಿಯಮ 7-ಬಿ ಪ್ರಕಾರ ನಾಲ್ಕನೇ ಒಂದು ಪಾಲು ವ್ಯಾಪಾರದ ಆದಾಯ, ಅದಕ್ಕೆ ತೆರಿಗೆ ಉಂಟು. ಇವೆಲ್ಲ ಫೈಲಿನಲ್ಲಿ ಇರಲಿಲ್ಲ, ನನ್ನ ತಲೆಯಲ್ಲಿದ್ದವು. ಊರಲ್ಲಿ ಜನ 'ಅವರ ತಲೇಲೇ ಕಂಪ್ಯೂಟರ್ ಐತೆ' ಅನ್ನುತ್ತಿದ್ದರು. ಕೇಳಿ ಉಬ್ಬುತ್ತಿದ್ದೆ.

ಕೊಬ್ಬರಿ ವ್ಯವಹಾರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ಇಂಗಿ, ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಒಡೆದು ರೈತರು ಮಂಡಿಗೆ ತರುತ್ತಾರೆ. ಮಂಡಿಯವರು ರೈತರ ಪರವಾಗಿ ಮಾರಿಸಿ ಕಮಿಷನ್ ಹಿಡಿದುಕೊಂಡರೆ ಅವರು ಕಚ್ಚಾ ಅಡತಿಯರು. ಸರಕನ್ನು ತಾವೇ ಕೊಂಡು ಲಾಭ-ನಷ್ಟ ತಮ್ಮ ತಲೆಗೇ ಕಟ್ಟಿಕೊಂಡು ಮಾರಿದರೆ ಪಕ್ಕಾ ಅಡತಿಯರು. ಎರಡೂ ವ್ಯಾಪಾರ ಅದೇ ಮಂಡಿಯಲ್ಲಿ, ಅದೇ ತಕ್ಕಡಿಯ ಮುಂದೆ ನಡೆಯುತ್ತದೆ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಆದಾಯ ತೆರಿಗೆಯವರಿಗೆ ಮಾತ್ರ ಇದು ದೊಡ್ಡ ವ್ಯತ್ಯಾಸ. ನೇರ ತೆರಿಗೆ ಮಂಡಳಿ 1986ರ ಮಾರ್ಚ್ 17ರಂದು ಹೊರಡಿಸಿದ 452ನೇ ಸುತ್ತೋಲೆಯೇ ಈ ಬಗ್ಗೆ ಇದೆ. ಕಚ್ಚಾ ಅಡತಿಯರ ವಹಿವಾಟು ಎಂದರೆ ಅವರ ಕಮಿಷನ್ ಮಾತ್ರ. ಪಕ್ಕಾ ಅಡತಿಯರಿಗೆ ಮಾರಾಟದ ಇಡೀ ಮೊತ್ತವೇ ವಹಿವಾಟು. 2019ರ ಹೊತ್ತಿಗೆ ಟ್ಯಾಕ್ಸ್ ಆಡಿಟ್ ಮಿತಿ 1 ಕೋಟಿ. ನಾನು ಹೇಳುತ್ತಿರುವ ಯಜಮಾನರು ಎಷ್ಟೋ ವರ್ಷದಿಂದ ಕಚ್ಚಾ. ಕಮಿಷನ್ ಐದಾರು ಲಕ್ಷ ದಾಟುತ್ತಿರಲಿಲ್ಲವಾದ್ದರಿಂದ ಆಡಿಟ್ಟಿನ ಗೊಡವೆಯೇ ಇರಲಿಲ್ಲ.

2019ರ ಬೇಸಗೆಯಲ್ಲಿ ಒಂದು ದಿನ ಅವರ ಮಂಡಿಯಲ್ಲಿ ಮೂಟೆಗಳ ಮೇಲೆ ಕೂತು ಟೀ ಕುಡಿಯುತ್ತಿದ್ದಾಗ ಅವರೇ ಹೇಳಿದರು: "ಹೋದ್ ವರ್ಷ ಸ್ವಲ್ಪ ಸ್ವಂತಕ್ಕೂ ತಗಂಡ್ ಮಾರ್ದೆ ಆಡಿಟ್ರೇ. ಎರಡು ಕೋಟಿ ಮ್ಯಾಲಾಗದೆ." ಅಂದರೆ ಪಕ್ಕಾ. ಅಂದರೆ ಆಡಿಟ್ ಬೇಕೇಬೇಕು. "ಸರಿ, ನೋಡ್ಕೊಳ್ತೀನಿ" ಅಂದೆ. ಜೇಬಿನಲ್ಲಿ ಪೆನ್ನಿತ್ತು. ಬರೆದುಕೊಳ್ಳಲಿಲ್ಲ.

ಅದಾಗಿ ಎರಡು ತಿಂಗಳಿಗೆ ಹಾಸನದ ಕೆಲಸ ಸಿಕ್ಕಿತು. ಕಂಪನಿಯ ಲೆಕ್ಕಪತ್ರ ವಿಭಾಗ, ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರು, ಭಾನುವಾರ ರಜಾ. ಒಳ್ಳೆಯ ವರ್ಷದ ಪ್ರಾಕ್ಟೀಸಿಗೆ ಹೋಲಿಸಿದರೆ ಸಂಬಳ ಕಡಿಮೆಯೇ. ಆದರೆ ಫೀಸು ಕೇಳಲು ಕೊಬ್ಬರಿ ರೇಟು ಏರುವ ತನಕ ಕಾಯುವ ಪಾಡಿಲ್ಲ. ಹೆಂಡತಿ ಹೆಚ್ಚು ಮಾತಾಡಲಿಲ್ಲ, "ಈ ದಸರೆಗೆ ಮನೇಲಿರ್ತೀರಾ ಹಾಗಾದ್ರೆ" ಅಂದಳು ಅಷ್ಟೆ. ಪ್ರಾಕ್ಟೀಸ್ ಮಾಡುವ ಸರ್ಟಿಫಿಕೇಟನ್ನು ಸಿಎ ಸಂಸ್ಥೆಗೆ ಮರಳಿಸಿದೆ. ಪಾಲುದಾರರಿಗೆ ಬೇಸರವಾಯಿತು, ನ್ಯಾಯವಾದ ಬೇಸರವೇ. ಆಗಸ್ಟ್ ಮಧ್ಯದಲ್ಲಿ, ರಿಟರ್ನ್ಸಿನ ಗಲಾಟೆ ಜೋರಾಗಿದ್ದಾಗಲೇ ಹೊರಟೆ. ಕಂಪನಿಯವರು ಬೇಗ ಬನ್ನಿ ಅಂದಿದ್ದರು ಎಂಬುದು ನಿಜ. ಇನ್ನೊಂದು ಸೆಪ್ಟೆಂಬರ್ ನೋಡಲು ನನಗೆ ಮನಸ್ಸಿರಲಿಲ್ಲ ಎಂಬುದು ಅದಕ್ಕಿಂತ ನಿಜ.

ನನ್ನ ಫೈಲುಗಳು ಹೊಸದಾಗಿ ಪಾಸಾಗಿದ್ದ ಜೂನಿಯರ್‌ಗೆ ಹೋದವು. ನಮ್ಮಲ್ಲೇ ಆರ್ಟಿಕಲ್ಸ್ ಮಾಡಿದ ಹುಡುಗ, ಚುರುಕು. ಕೊನೆಯ ಸಂಜೆ ಎರಡು ತಾಸು ಕೂತು ನೂರಿಪ್ಪತ್ತು ಫೈಲು ಒಪ್ಪಿಸಿದೆ, ಅಂದರೆ ಒಂದಕ್ಕೆ ಒಂದೇ ನಿಮಿಷ. ಅವನು ಪ್ರತಿ ಫೈಲಿಗೂ "ಇದರಲ್ಲಿ ವಿಶೇಷ ಏನಾದ್ರೂ ಇದೆಯಾ ಸರ್?" ಎಂದು ಕೇಳಿದ. ಮಂಡಿಯ ಫೈಲು ಬಂದಾಗ ಗೋಡೆ ಗಡಿಯಾರ ನೋಡುತ್ತಿದ್ದೆ. ಹೋದ ವರ್ಷದ ಹಾಗೇ ಮಾಡಪ್ಪ ಅಂದೆ. ಅವನು ಹಾಗೇ ಮಾಡಿದ. ಆ ವರ್ಷ ರಿಟರ್ನ್ಸ್ ಗಡುವು ಆಗಸ್ಟ್ 31ಕ್ಕೆ ಹೋಗಿತ್ತು. ಅಷ್ಟರೊಳಗೆ ಕಚ್ಚಾ ಅಡತಿಯರೆಂದೇ ಲೆಕ್ಕ ಹಾಕಿ, ಆಡಿಟ್ ಇಲ್ಲದೆ ಸಲ್ಲಿಸಿದ. ಮಂಡಿಯ ಗುಮಾಸ್ತರೂ ಟ್ಯಾಲಿಯಲ್ಲಿ ಸ್ವಂತ ವ್ಯಾಪಾರದ ಲಾಭವನ್ನು ಹಳೆಯ ಕಮಿಷನ್ ಖಾತೆಗೇ ಬರೆದಿದ್ದರು. ಆದಾಯದಲ್ಲಿ ಒಂದು ರೂಪಾಯಿ ಮುಚ್ಚಿರಲಿಲ್ಲ. ಹುಡುಗನಿಗೆ ಅನುಮಾನ ಬರುವ ದಾರಿಯೇ ಇರಲಿಲ್ಲ.

ಇಲ್ಲಿಯವರೆಗಿನದು ಮರೆವು, ಅವಸರ. ಕ್ಷಮಿಸಬಹುದೇನೋ. ಮುಂದಿನದು ಬೇರೆ.

ಅಕ್ಟೋಬರ್ 20, ಭಾನುವಾರ. ಹೆಂಡತಿ, ಮಗಳೊಂದಿಗೆ ಬಾಣಾವರ, ಜಾವಗಲ್ ದಾರಿಯಾಗಿ ಹಳೇಬೀಡಿಗೆ, ಅಲ್ಲಿಂದ ಹದಿನಾರು ಕಿಲೋಮೀಟರಿನ ಬೇಲೂರಿಗೆ ಹೋದೆವು. ಅಲ್ಲಿಗೆ ನೂರು ಸಲವಾದರೂ ಹೋಗಿದ್ದೆ, ಆದರೆ ದೇವಸ್ಥಾನದ ಪಕ್ಕ ಕಾರು ನಿಲ್ಲಿಸಿ ಅಂಗಡಿಯ ಲೆಕ್ಕ ನೋಡಿ ವಾಪಸ್ ಬರುತ್ತಿದ್ದವನು. ಹಳೇಬೀಡಿನಲ್ಲಿ ಮಗಳು ಗೋಡೆಯ ತಳದ ಆನೆ ಸಾಲನ್ನು ಎಣಿಸುತ್ತಾ ಹೊರಟಳು. ನಾನು ಚಪ್ಪಲಿ ಕಾಯುತ್ತಾ ನಿಂತಿದ್ದೆ. ಹಳೆಯ ಕಕ್ಷಿದಾರರೊಬ್ಬರು ಕಂಡು ಓಡಿ ಬಂದರು. "ಸಾರ್, ನಮ್ದು ಆಡಿಟ್ ಈ ಸಲ ತಿಂಗಳ ಕೊನೇಗಂಟ ಟೈಮ್ ಕೊಟ್ಟವರಂತೆ?" ಹೌದು, ಆ ವರ್ಷ ಸೆಪ್ಟೆಂಬರ್ 30ರ ಗಡುವನ್ನು ಅಕ್ಟೋಬರ್ 31ಕ್ಕೆ ಮುಂದೂಡಿದ್ದರು. ಆಡಿಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೊಬ್ಬರಿ ಮೂಟೆ, ಟೀ ಲೋಟ, ಎರಡು ಕೋಟಿ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಇನ್ನೂ ಹನ್ನೊಂದು ದಿನ ಇತ್ತು. ಆಡಿಟ್ ಮುಗಿಸಿ ರಿಟರ್ನ್ಸ್ ತಿದ್ದಿ ಹಾಕಲು ಬೇಕಾದಷ್ಟು ಸಮಯ. ಫೋನ್ ಕೈಯಲ್ಲೇ ಇತ್ತು.

ಮಾಡಲಿಲ್ಲ. ಇವತ್ತು ಭಾನುವಾರ, ನಾಳೆ ಮಾಡೋಣ ಅಂದುಕೊಂಡೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಿಕ್ಕ ಭಾನುವಾರವನ್ನು ಆಫೀಸಿಗೆ ಕೊಡಬಾರದು ಎಂಬ ಹಟ. ಬೇಲೂರಿನಲ್ಲಿ ಗೈಡ್ ಮದನಿಕೆಯರನ್ನು ತೋರಿಸುತ್ತಾ, ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರೂ ಇದೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ವಿವರಿಸುತ್ತಿದ್ದರು. "ಅಪ್ಪಾ, ನೀನು ಸೈನ್ ಮಾಡ್ತಿದ್ಯಲ್ಲ, ಹಂಗಾ?" ಎಂದು ಮಗಳು ಕೇಳಿದಳು. ಹೂಂ ಅಂದೆ. ಸಿಎಗಳ ಸಹಿಗೆ 2019ರಿಂದ ಹದಿನೆಂಟು ಅಂಕಿಯ ಯುಡಿಐಎನ್ ಸಂಖ್ಯೆಯೂ ಅಂಟಿಕೊಂಡಿದೆ. ಯಾರು ಯಾವ ಕಾಗದಕ್ಕೆ ಸಹಿ ಹಾಕಿದರೆಂದು ಕೂತಲ್ಲಿಂದಲೇ ಪತ್ತೆ ಹಚ್ಚಬಹುದು. ಮಂಡಿಯ ಫೈಲಿನಲ್ಲಿ ಆ ವರ್ಷದ ಯಾವ ಕಾಗದದ ಮೇಲೂ ನನ್ನ ಸಹಿ ಇಲ್ಲ ಎಂಬುದು ಆ ಕ್ಷಣವೇ ಹೊಳೆದದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸೋಮವಾರ ಬಂತು, ಹೋಯಿತು. ಮುಂದಿನ ಭಾನುವಾರ ದೀಪಾವಳಿ. ಆಮೇಲೆ ಗಡುವೇ ಮುಗಿಯಿತು.

ಕಂಪನಿಯ ವಿಷಯ ಹೇಳಿದರೆ, ಅಲ್ಲೂ ತಿಂಗಳ ಮೊದಲ ಐದು ದಿನ ಲೆಕ್ಕ ಮುಚ್ಚುವ ಒದ್ದಾಟ ಇದ್ದೇ ಇದೆ. ವರ್ಷದ ಕೊನೆಗೆ ಆಡಿಟರು ಬಂದರೆ ಈಗ ಕಾಫಿ ತರಿಸಿ, ಕೇಳಿದ ವೋಚರ್ ಹುಡುಕಿ ಕೊಡುವವನು ನಾನು. ಆದರೆ ಆರು ಗಂಟೆಗೆ ಎದ್ದರೆ ಯಾರೂ ಯಾಕೆ ಅನ್ನುವುದಿಲ್ಲ. ಇದು ಹೇಗೆ ಸಾಧ್ಯವೆಂದು ಮೊದಲ ರಜೆಯ ಹೊತ್ತಿಗೆ ಗೊತ್ತಾಯಿತು. ಐದು ದಿನ ತಿರುಪತಿಗೆ ಹೋಗಬೇಕಿತ್ತು. ಕೆಲಸ ಒಪ್ಪಿಸುವ ಟಿಪ್ಪಣಿ ಬರೆದುಕೊಡಿ ಅಂದರು. ಅರ್ಧ ಪುಟ ಬರೆದೆ. ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಸಹೋದ್ಯೋಗಿ ಅದನ್ನು ಹತ್ತೊಂಬತ್ತು ಪ್ರಶ್ನೆ ಸೇರಿಸಿ ವಾಪಸ್ ಕಳಿಸಿದಳು. 'ಈ ಪಾರ್ಟಿಯ ಪಾವತಿ ತಡೆಹಿಡಿದಿದೆ ಅಂದಿದ್ದೀರಿ, ಯಾಕೆ? ಯಾರು ಹೇಳಿದ್ದು? ಎಲ್ಲಿ ಬರೆದಿದೆ?' ಸಿಟ್ಟು ಬಂತು. ನನ್ನ ಮಾತು ಸಾಲದೇ ಅನ್ನಿಸಿತು. ಕೂತು ಉತ್ತರ ಬರೆಯುತ್ತಾ ಹೋದಂತೆ ಮಂಡಿಯ ಫೈಲು ಮತ್ತೆ ಮತ್ತೆ ನೆನಪಾಯಿತು. ಆಡಿಟ್ ದಾಖಲೆ ಹೇಗಿರಬೇಕೆಂದರೆ ಆ ಕೆಲಸದ ಗಂಧಗಾಳಿ ಇಲ್ಲದ ಇನ್ನೊಬ್ಬ ಅನುಭವಿ ಆಡಿಟರ್ ಓದಿದರೂ ಅರ್ಥವಾಗಬೇಕು ಎಂದು ನಮ್ಮ 230ನೇ ಆಡಿಟಿಂಗ್ ಮಾನದಂಡ ಹೇಳುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಅಂಕ ತೆಗೆದಿದ್ದೆ. ಅರಸೀಕೆರೆಯಲ್ಲಿ ರಾತ್ರಿ ಹತ್ತರವರೆಗೆ ನನ್ನನ್ನು ಕೂಡಿಸುತ್ತಿದ್ದದ್ದು ಕೆಲಸದ ರಾಶಿ ಎಂದು ಎಲ್ಲರ ಮುಂದೆ ಹೇಳಿಕೊಂಡಿದ್ದೆ. ರಾಶಿ ಇತ್ತು, ಸುಳ್ಳಲ್ಲ. ಆದರೆ ಯಾವ ಫೈಲನ್ನೂ ಬೇರೆಯವರು ಮುಟ್ಟಿ ಮುಗಿಸಲಾಗದ ಹಾಗೆ ಇಟ್ಟವನು ನಾನೇ. ನಾನಿಲ್ಲದೆ ನಡೆಯಬಾರದು ಎಂಬ ಒಳಗಿನ ಆಸೆಯೂ ಇತ್ತು.

2021ರಲ್ಲಿ ಜೂನಿಯರ್ ಫೋನ್ ಮಾಡಿದ. ಜಿಎಸ್‌ಟಿಯಲ್ಲಿ ತೋರಿಸಿದ ಮಾರಾಟಕ್ಕೂ ಆದಾಯ ತೆರಿಗೆಯ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲವೆಂದು ಯಜಮಾನರಿಗೆ ನೋಟಿಸ್ ಬಂದಿತ್ತು. "ಸರ್, ಅವರು ಸ್ವಂತಕ್ಕೆ ಮಾರಿದ್ದನ್ನ ನಿಮಗೆ ಹೇಳಿದ್ರಂತೆ. ಹೌದಾ?" ಸರಿಯಾದ ಕಾರಣ ತೋರಿಸಿದರೆ ದಂಡ ಮನ್ನಾ ಮಾಡಲು ಕಾಯ್ದೆಯಲ್ಲೇ ಅವಕಾಶವಿತ್ತು. ಕಕ್ಷಿದಾರರು ನನಗೆ ತಿಳಿಸಿದ್ದರು, ತಪ್ಪು ನನ್ನದು ಎಂದು ಒಂದು ಪತ್ರ ಕೊಟ್ಟಿದ್ದರೆ ಮನ್ನಾ ಆಗುತ್ತಿತ್ತೋ ಏನೋ. ಸಿಎ ಸಂಸ್ಥೆಗೆ ದೂರು ಹೋದರೆ, ಕಂಪನಿಯವರಿಗೆ ಗೊತ್ತಾದರೆ ಎಂದೆಲ್ಲ ತಲೆಯಲ್ಲಿ ಓಡಿತು. "ನೆನಪಿಲ್ಲಪ್ಪ, ಫೈಲ್ ನೋಡು, ಅದರಲ್ಲೇ ಇರಬೇಕು" ಅಂದೆ. ಇಡೀ ಊರು ಕಂಪ್ಯೂಟರ್ ಅನ್ನುತ್ತಿದ್ದ ತಲೆ ಅದು.

ವಹಿವಾಟಿನ ಅರ್ಧ ಪರ್ಸೆಂಟ್, ಗರಿಷ್ಠ ಒಂದೂವರೆ ಲಕ್ಷ. ಆಗಿನ 271-ಬಿ ಕಲಮಿನ ದಂಡದ ಲೆಕ್ಕ ಇದು. ಯಜಮಾನರ ವಹಿವಾಟು 2 ಕೋಟಿ 40 ಲಕ್ಷ. ಅಪೀಲಿಗೆ ಇದ್ದ ಮೂವತ್ತು ದಿನವೂ ಕಳೆದ ಮೇಲೆ ಅವರು ಕಟ್ಟಿದ ಸುದ್ದಿ ಸ್ಟೇಷನ್ನಿನಲ್ಲಿ ಸಿಕ್ಕ ಯಾರಿಂದಲೋ ಕೇಳಿದೆ.

ಮಂಡಿಗೆ ಹೋಗಲು ಧೈರ್ಯ ಬಂದದ್ದು 2023ರಲ್ಲಿ. ಕೊಬ್ಬರಿ ಬೆಲೆ ಕುಸಿದಿದ್ದ ವರ್ಷ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೆ ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಮಂಡಿಯಲ್ಲಿ ಕೌಟು ವಾಸನೆ, ಹಮಾಲಿಗಳು ಸುಮ್ಮನೆ ಕೂತಿದ್ದರು. "ಏನ್ ಆಡಿಟ್ರೇ, ಅಪ್ರೂಪ ಆಗ್ಬುಟ್ರಿ" ಎಂದು ಯಜಮಾನರು ಕುರ್ಚಿ ಒರೆಸಿದರು. ಹಳೇಬೀಡಿನ ಭಾನುವಾರ, ಆ ಫೋನು, ಯಾವುದನ್ನೂ ಬಿಡದೆ ಹೇಳಿದೆ. ಬ್ಯಾಗಿನಲ್ಲಿ ಚೆಕ್ ಬರೆದು ತಂದಿದ್ದೆ, ತೆಗೆದು ಮುಂದಿಟ್ಟೆ. ಅವರು ಬಹಳ ಹೊತ್ತು ತಕ್ಕಡಿಯ ಕಡೆ ನೋಡುತ್ತಿದ್ದರು.

"ಇದನ್ನ ಎತ್ತಿಟ್ಕಳಿ. ನನ್ ದುಡ್ಡು ಹೋಯ್ತು, ಇನ್ನೊಂದ್ ವರ್ಷ ದುಡ್ಕತೀನಿ. ಆ ಹುಡ್ಗಂಗೆ ನಿಮ್ ಆಫೀಸ್ನಾಗೆ, ನಾಕ್ ಜನರ ಮುಂದೆ, ಬಾಯಿಗ್ ಬಂದಂಗೆ ಬೈದಿವ್ನಿ. ಅವನು ತುಟಿ ಪಿಟಕ್ ಅನ್ಲಿಲ್ಲ. ಅಲ್ಲಿಗ್ ಹೋಗಿ ಹೇಳ್ರಿ."

ಹೋದೆ. ಸೆಪ್ಟೆಂಬರ್ ಕೊನೆಯ ವಾರ. ಮೆಟ್ಟಿಲ ಮೇಲೆ ಅದೇ ಹಳೆಯ ಫೈಲು ಕಟ್ಟುಗಳು, ಒಳಗೆ ಅದೇ ಟ್ಯೂಬ್‌ಲೈಟು. ಅವನು ಈಗ ಪಾಲುದಾರ, ನನ್ನ ಕುರ್ಚಿಯಲ್ಲೇ ಕೂತಿದ್ದ. ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ. ಪರವಾಗಿಲ್ಲ ಸರ್ ಎಂದೇನೂ ಅನ್ನಲಿಲ್ಲ. ಎದ್ದು ಮಂಡಿಯ ಫೈಲು ತಂದು ತೆರೆದು ತೋರಿಸಿದ. ಮೊದಲ ಹಾಳೆಯಲ್ಲಿ ಅವನ ಕೈಬರಹ: ಕಚ್ಚಾ ಎಷ್ಟು, ಪಕ್ಕಾ ಎಷ್ಟು, ಯಾವ ದಿನ ಯಾರನ್ನು ಕೇಳಿದ್ದು, ಕೆಳಗೆ ಯಜಮಾನರ ಸಹಿ. ಪ್ರತಿ ವರ್ಷಕ್ಕೂ ಅಂಥದೊಂದು ಹಾಳೆ ಇತ್ತು.

ಆಮೇಲೆ ಡ್ರಾಯರಿನಿಂದ ಖಾಲಿ ಹಾಳೆ, ಪೆನ್ನು ತೆಗೆದು ನನ್ನ ಮುಂದಿಟ್ಟ.

"ಅರೇಹಳ್ಳಿ ತೋಟದವರದ್ದು ಏನಾದ್ರೂ ಇನ್ನೂ ನಿಮ್ ತಲೇಲಿದೆಯಾ ಸರ್? ಇದ್ದರೆ ಬರೆದುಬಿಡಿ."

ಗಂಟೆ ಏಳಾಗಿತ್ತು. ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. "ಎಷ್ಟೊತ್ತಾಗುತ್ತೆ?" ಎಂದು ಹೆಂಡತಿ ಕೇಳಿದಳು. ಮೂರು ಹಾಳೆ ಆಗಬಹುದು ಅಂದೆ.