ಜಾತ್ರೆಯಲ್ಲಿ ಸುವಾರ್ತೆ ಮಾರುತ್ತಿದ್ದ ಕಾಲ

ಎಪ್ಪತ್ತರ ದಶಕದಲ್ಲಿ ಬೆಟಗೇರಿಯ ನಮ್ಮ ಸಭೆಯ ಹುಡುಗರನ್ನು ಬೇಸಿಗೆ ರಜೆಯಲ್ಲಿ ಯಾರೂ ಬೈಯುವಂತಿರಲಿಲ್ಲ. ಹಗಲೆಲ್ಲ ಚಿಣಿಪಣಿ ಆಡಿದ್ದರೂ, ಸಂಜೆ ಉಪದೇಶಿ ಯಜ್ಜನ ಜೊತೆ ಸುವಾರ್ತೆ ಸಾರಲು ಹೋಗುತ್ತೇವೆ ಅಂದರೆ ಮನೆಯಲ್ಲಿ ಎಲ್ಲ ಮಾಫಿ. ಒಬ್ಬನ ಹೆಗಲಿಗೆ ಪೇಟಿ, ಇನ್ನೊಬ್ಬನ ಕಂಕುಳಲ್ಲಿ ಡಗ್ಗಾ, ಎಲ್ಲರಿಗಿಂತ ಗಿಡ್ಡನಾದ ನನ್ನ ತಲೆ ಮೇಲೆ ಪುಸ್ತಕದ ಟ್ರಂಕು. ಗ್ಯಾಸ್‌ಬತ್ತಿಯನ್ನು ಮಾತ್ರ ಯಜ್ಜ ಯಾರ ಕೈಗೂ ಕೊಡುತ್ತಿರಲಿಲ್ಲ. ಒಂದಿಷ್ಟು ಅಲುಗಿದರೂ ಅದರ ಮ್ಯಾಂಟಲ್ ಬೂದಿಯಾಗಿ ಉದುರುತ್ತಿತ್ತು. ಹೊಸದು ಬೇಕೆಂದರೆ ಸಭೆಯ ಖಜಾಂಚಿಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು.

ಮಗ್ಗದ ಓಣಿಗಳಲ್ಲಿ ಪ್ರಸಂಗ ಮಾಡುವುದು ಸುಲಭವಲ್ಲ. ಎರಡೂ ಕಡೆ ಮನೆಗಳಿಂದ ಖಟಪಟ ಸದ್ದು, ಅದರ ಮೇಲೆ ದನಿ ಎತ್ತಿದರೆ ಗಂಟಲು ಹರಿದುಹೋಗುತ್ತದೆ. ಯಜ್ಜ ಕಿರುಚುವ ಗೋಜಿಗೇ ಹೋಗುತ್ತಿರಲಿಲ್ಲ. ಯಾವುದೋ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಒಳಗೆ ಲಾಳಿಯಲ್ಲಿ ಕಂಡಿಕೆ ಮುಗಿದು ಮಗ್ಗ ನಿಲ್ಲಬೇಕು, ಆಗ ನಾಲ್ಕು ಮಾತು. ಹೊಸ ಕಂಡಿಕೆ ಏರಿಸಿ ಮತ್ತೆ ಖಟಪಟ ಶುರುವಾಯಿತೋ, ಬಾಯಿ ಬಂದ್. ಹೀಗೆ ತುಂಡು ತುಂಡಾಗಿ ಕಥೆ ಕೇಳಿದ ನೇಕಾರರು, "ಆಮ್ಯಾಲೆ ಆ ಕುರುಡಗ ಏನಾತ್ರಿ ಯಜ್ಜಾ?" ಎಂದು ತಾವೇ ಮಗ್ಗ ನಿಲ್ಲಿಸಿ ಕೇಳಿದ್ದುಂಟು.

ಆ ಓಣಿಗಳಿಗೆ ಇಂಥ ಪ್ರಸಂಗ ಹೊಸದೇನೂ ಆಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಮುಟ್ಟಿದ್ದರು. ಊರವರ ಬಾಯಲ್ಲಿ ನಮ್ಮ ಮಿಷನ್ ಆಸ್ಪತ್ರೆ ಆಗಲೂ ಜರ್ಮನ್ ದವಾಖಾನಿಯೇ. "ನಮ್ಮವ್ವ ನನ್ನ ಹಡದದ್ದು ನಿಮ್ಮ ದವಾಖಾನಿಯಾಗ, ಅದಕ್ಕ ನಿಂತು ಕೇಳಾಕತ್ತೀನಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದವರಿದ್ದಾರೆ. ಕೇಳುವುದಕ್ಕೆ ಅದೂ ಒಂದು ಕಾರಣವೇ, ಇರಲಿ ಎನ್ನುತ್ತಿದ್ದರು ಯಜ್ಜ. ಮಂಗಳೂರಿಗೆ ಮೊದಲು ಬಂದ ಮೂವರಲ್ಲಿ ಒಬ್ಬನಾದ ಹೆಬಿಕ್‌ನೆಂದರೆ ಅವರಿಗೆ ಬಲು ಅಭಿಮಾನ. ಉದ್ದ ಗಡ್ಡ, ಕೈಯಲ್ಲಿ ಕೊಡೆ, ಕಣ್ಣೂರಿನ ಕಡೆ ತಳಿಪರಂಬದ ಉತ್ಸವದಲ್ಲಿ ಜನ ಕೂಗಿ ಗೇಲಿ ಮಾಡಿದರೂ ಕದಲದೆ ನಿಂತ ಧೈರ್ಯ, ಇವನ್ನೆಲ್ಲ ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ನನಗೇನೋ ಮಂದಿಯ ಹಬ್ಬದ ನಡುವೆ ಹೋಗಿ ಹಾಗೆ ಗುಡುಗುವುದು ಆಗಲೂ ಅಷ್ಟಕ್ಕಷ್ಟೇ. ಸ್ವತಃ ಯಜ್ಜನ ರೀತಿಯೂ ಹೆಬಿಕ್‌ನದಾಗಿರಲಿಲ್ಲ ಎಂಬುದು ತಮಾಷೆ.

ದವನದ ಹುಣ್ಣಿಮೆಯ ಆಸುಪಾಸಿನ ತೋಂಟದಾರ್ಯ ಜಾತ್ರೆಗೆ ನಾವು ಕಾಯುತ್ತಿದ್ದ ರೀತಿ ನೋಡಿದರೆ ಯಾರೂ ನಮ್ಮನ್ನು ಬೇರೆ ಮತದವರೆಂದು ನಂಬುತ್ತಿರಲಿಲ್ಲ. ಬಳೆ ಅಂಗಡಿ, ಬೆಂಡು ಬೆತ್ತಾಸದ ಸಾಲು ದಾಟಿ ಒಂದು ಮೂಲೆಯಲ್ಲಿ ನಮ್ಮ ತಾಡಪತ್ರಿ. ಅದರ ಮೇಲೆ ಮತ್ತಾಯ, ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳು, ಅಂಗೈ ಅಗಲದ ಪುಸ್ತಿಕೆಗಳಾಗಿ. ಬೆಲೆ ಕೆಲವೇ ಪೈಸೆ. ಆದರೂ ಪುಕ್ಕಟೆ ಕೊಡಕೂಡದು ಎಂದು ಯಜ್ಜನ ಕಟ್ಟಪ್ಪಣೆ. ಅದು ಯಾಕೆಂದು ಒಮ್ಮೆ ನಮಗೇ ತಿಳಿಯಿತು. ಪುಕ್ಕಟೆ ಹಂಚುವ ಕರಪತ್ರಗಳನ್ನು ಬೆಳಿಗ್ಗೆ ಖಾಲಿ ಮಾಡಿ, ದೊಡ್ಡ ಸೇವೆ ಮಾಡಿದೆವೆಂಬ ಹುರುಪಿನಲ್ಲಿ ಗಿರ್ಮಿಟ್ ತಿನ್ನಲು ಹೋದರೆ, ಅಂಗಡಿಯವ ಅವುಗಳನ್ನೇ ಪೊಟ್ಟಣ ಸುತ್ತಿ ಕೊಟ್ಟ. ಡಗ್ಗಾ ಬಾರಿಸುವ ಗೆಳೆಯ ಗಿರ್ಮಿಟ್ ಮುಕ್ಕಿ, ಎಣ್ಣೆ ಹತ್ತಿದ ಕಾಗದ ಬಿಡಿಸಿ, ಅಲ್ಲೇ ನಿಂತು ಗಟ್ಟಿಯಾಗಿ ಓದತೊಡಗಿದ. ಅವತ್ತು ನಮಗೆ ಸಿಕ್ಕ ಅತಿ ದೊಡ್ಡ ಗುಂಪು ಕೂಡಿದ್ದು ಆ ಗಿರ್ಮಿಟ್ ಅಂಗಡಿಯ ಮುಂದೆ.

ಕರಪತ್ರಗಳಲ್ಲೂ ಎಲ್ಲವನ್ನೂ ಹಂಚುತ್ತಿರಲಿಲ್ಲ. ಮಿಷನರಿಗಳ ಕಾಲದ ಕೆಲವು ಬರಹಗಳಲ್ಲಿ ಈ ನಾಡಿನ ದೇವರುಗಳನ್ನು ಹಳಿಯುವ ಮಾತುಗಳಿದ್ದವು. ಅಂಥ ಹಾಳೆ ಕಣ್ಣಿಗೆ ಬಿದ್ದರೆ ಯಜ್ಜ ಮಡಚಿ ಟ್ರಂಕಿನ ತಳಕ್ಕೆ ತುರುಕುತ್ತಿದ್ದರು. "ಒಬ್ರ ಮನಿ ಕಟ್ಟಿ ಮ್ಯಾಲೆ ಕುಂತು ಆ ಮನಿಯವರನ್ನ ಬೈತಾರೇನು?" ಅಷ್ಟೇ ಅವರ ವಾದ. ಅದೇ ಟ್ರಂಕಿನಲ್ಲಿ ಕೈಗೆ ಸಿಗುವಂತೆ ಮೇಲೆಯೇ ಇರುತ್ತಿದ್ದದ್ದು ಉತ್ತಂಗಿ ಚನ್ನಪ್ಪನವರ ಸರ್ವಜ್ಞನ ವಚನ ಸಂಗ್ರಹ. 1924ರಲ್ಲಿ ಬಂದ ಆ ಸಂಗ್ರಹವನ್ನು ಕಟ್ಟಿದವರು ನಮ್ಮದೇ ಮಿಷನ್ನಿನ ಪಾಸ್ಟರರು, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಎಂದು ಯಜ್ಜ ಜಾತ್ರೆಯ ಮಂದಿಗೆ ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಬರೆದವರೂ ಅವರೇ. ಆಜ್ಞೆ ಎನ್ನದೆ ವಿನಂತಿ ಎಂದರಲ್ಲ, ಬೀದಿಯಲ್ಲಿ ನಿಲ್ಲುವವನಿಗೆ ಅದಕ್ಕಿಂತ ದೊಡ್ಡ ಪಾಠ ಬೇಡವೆಂದು ನನಗೆ ಈಗಲೂ ಅನಿಸುತ್ತದೆ.

ಸರ್ವಜ್ಞನ ಒಂದು ತ್ರಿಪದಿ ಬಿಟ್ಟರೆ ಸಾಕು, ಗುಂಪಿನಲ್ಲಿ ಯಾರೋ ಇನ್ನೊಂದನ್ನು ಎತ್ತುತ್ತಿದ್ದರು. ಆಮೇಲೆ ಒಬ್ಬ ಶರೀಫರ ಪದ ಶುರುಮಾಡುವವ, ಇನ್ನೊಬ್ಬ ಬಸವಣ್ಣನ ವಚನ ಹೇಳುವವ. ಯೇಸುವಿನ ಪಾಳಿ ಬರುವಷ್ಟರಲ್ಲಿ ಗ್ಯಾಸ್‌ಬತ್ತಿಗೆ ಮತ್ತೆ ಪಂಪು ಹೊಡೆಯಬೇಕಾಗುತ್ತಿತ್ತು. ಬರಗಾಲದ ವರ್ಷ ರೈತನೊಬ್ಬ ಅಡ್ಡ ಬಂದ: "ನಿಮ್ಮ ಯೇಸು ಮಳಿ ತರಿಸ್ತಾನೇನ್ರಿ?" ಯಜ್ಜ ತಡವರಿಸಲಿಲ್ಲ. "ಒಳ್ಳ್ಯಾವನ ಹೊಲಕ್ಕೂ ಕೆಟ್ಟಾವನ ಹೊಲಕ್ಕೂ ದೇವರು ಮಳಿ ಕೊಡ್ತಾನ ಅಂತ ಅವನ ಹೇಳ್ಯಾನಪಾ." ರೈತ ಬಿಡಬೇಕಲ್ಲ! "ಹಂಗಾದ್ರ ಈ ವರ್ಸ ನಮ್ಮೂರಾಗ ಒಳ್ಳ್ಯಾವ್ರೂ ಇಲ್ಲ, ಕೆಟ್ಟಾವ್ರೂ ಇಲ್ಲ ಅಂದಂಗಾತು." ಎಲ್ಲರಿಗಿಂತ ಮೊದಲು ನಕ್ಕವರು ಯಜ್ಜ.

ಲಂಬಾಣಿ ತಾಂಡಾಗಳಿಗೆ ಹೋಗುವಾಗ ಸಾಮಾನೇ ಬೇರೆ. ಗಾಸ್ಪೆಲ್ ರೆಕಾರ್ಡಿಂಗ್ಸ್‌ನವರ ಕಾರ್ಡ್‌ಟಾಕ್ ಎಂಬ ರಟ್ಟಿನ ಗ್ರಾಮೊಫೋನ್ ನಮ್ಮಲ್ಲೊಂದಿತ್ತು. ಕರೆಂಟಿಲ್ಲ, ಸೆಲ್ಲಿಲ್ಲ. ಮಡಚಿದ ರಟ್ಟನ್ನು ಬಿಡಿಸಿ ನಿಲ್ಲಿಸಬೇಕು, ರೆಕಾರ್ಡು ಇಟ್ಟು ಅದರ ಮೇಲೆ ಮುಳ್ಳು ಕೂರಿಸಬೇಕು, ಪೆನ್ಸಿಲ್ ತುದಿಯಿಂದ ರೆಕಾರ್ಡನ್ನು ತಿರುಗಿಸುತ್ತ ಹೋಗಬೇಕು. ರಟ್ಟೇ ಕಂಪಿಸಿ ಲಂಬಾಣಿ ಮಾತು ಹೊರಡುತ್ತಿತ್ತು. ತಿರುಗಿಸುವ ಕೈ ಹದದಲ್ಲಿದ್ದರೆ ಸರಿ. ಜೋರಾದರೆ ಪ್ರವಾದಿಯ ಗಂಡುದನಿ ಕೂಸಿನ ದನಿಯಾಗುತ್ತಿತ್ತು, ದಣಿದರೆ ಕುಡುಕನ ತೊದಲು. ತಾಂಡಾದ ಹೆಣ್ಣುಮಕ್ಕಳು ಮುಖಕ್ಕೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಮಕ್ಕಳು ಪೆನ್ಸಿಲ್ ಕಸಿದುಕೊಂಡು ತಾವೇ ತಿರುಗಿಸಲು ಕೂತಿರುತ್ತಿದ್ದವು. ಓದು ಬಾರದವರಿಗೆಂದು ಅಕ್ಷರವೇ ಇಲ್ಲದ, ಬರೀ ಬಣ್ಣದ ಪುಟಗಳ ಪುಸ್ತಕವೂ ಇತ್ತು: ಪಾಪಕ್ಕೆ ಕಪ್ಪು, ರಕ್ತಕ್ಕೆ ಕೆಂಪು, ಹೀಗೆ. ಕರಿ ಬಣ್ಣ ತೋರಿಸಿ ಪಾಪವೆನ್ನುವುದು ನಮ್ಮ ಕರಿ ನೆಲದ ಸೀಮೆಯಲ್ಲಿ ಯಾರಿಗೂ ರುಚಿಸಲಿಲ್ಲ. ಕರಿ ಹೊಲ ಇದ್ದವನೇ ಭಾಗ್ಯವಂತ ಅಲ್ಲವೇ ಅಲ್ಲಿ.

ನಮ್ಮ ಕಣ್ಣ ಮುಂದೆ ಮತ ಬದಲಿಸಿದವರು ಯಾರೂ ಇಲ್ಲ. ಅದನ್ನು ನಾವ್ಯಾರೂ ಸೋಲೆಂದು ತಿಳಿಯಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು, ಧರ್ಮವನ್ನು ಪ್ರಸಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಾಗ ನಮ್ಮ ಸಭೆಯಲ್ಲಿ ಚರ್ಚೆಯಾಯಿತು, ಜಾತ್ರೆಯ ತಾಡಪತ್ರಿಗೆ ಏನೂ ಆಗಲಿಲ್ಲ. ಅದು ಮುದುಡಿದ್ದು ಬಹಳ ಆಮೇಲೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿಗಳಾದ ಮೇಲೆ, 2022ರ ಮತಾಂತರ ನಿಷೇಧ ಕಾಯ್ದೆಯ ಗದ್ದಲವೆದ್ದ ಮೇಲೆ, ಟ್ರಂಕು ಹೊತ್ತು ಸಂತೆಗೆ ಹೋಗು ಎಂದು ಈಗಿನ ಹುಡುಗರಿಗೆ ಹೇಳುವ ಧೈರ್ಯ ಯಾವ ತಂದೆತಾಯಿಗೂ ಇಲ್ಲ. ನಮ್ಮವರದೂ ಒಂದು ಪಾಲಿದೆ ಎನ್ನಿ. ರೋಗ ವಾಸಿಮಾಡುತ್ತೇವೆಂದು ಮೈಕಿನಲ್ಲಿ ಅರಚುವವರಿಗೆ ಎದುರಿನವನ ತ್ರಿಪದಿ ಕೇಳಲು ಪುರುಸೊತ್ತೆಲ್ಲಿ?

ಆ ದಿನಗಳ ಗೆಳೆಯರು ಮದುವೆ ಮುಂಜಿಗಳಲ್ಲಿ ಸಿಕ್ಕರೆ ಮಾತು ಎಲ್ಲೆಲ್ಲೋ ಹೋಗಿ ಕಡೆಗೆ ನಿಲ್ಲುವುದು ಒಬ್ಬ ಮುದುಕ ನೇಕಾರರ ಹತ್ತಿರ. ಜಾತ್ರೆಯಲ್ಲಿ ಲೂಕನ ಸುವಾರ್ತೆ ಕೊಂಡಿದ್ದ ಅವರು ಮರುವರ್ಷ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಬಂದರು. ಅಂಚುಗಳು ಮೆತ್ತಗಾಗಿದ್ದವು, ಒಂದು ಪುಟದಲ್ಲಿ ಗುರುತಿಗೆ ಕೆಂಪು ನೂಲಿನ ಎಳೆ.

"ಓದೀನ್ರಿ. ಛಲೋ ಐತಿ. ಆದ್ರ ಇಲ್ಲೊಂದು ಅನ್ಯಾಯ ಆಗೇತಿ."

ಆಸ್ತಿಯ ಪಾಲು ತೆಗೆದುಕೊಂಡು ಊರು ಬಿಟ್ಟು ಎಲ್ಲ ಹಾಳುಮಾಡಿ ಬಂದ ಕಿರಿಯ ಮಗನ ಕಥೆ ಅದು. "ಸಣ್ಣಾವ ಹಾಳ ಮಾಡಿ ಬಂದ, ಅಪ್ಪ ಅಪ್ಪಿಕೊಂಡ, ಅದು ಸರಿ. ಹಿರೇ ಮಗ ಏನ್ ತಪ್ಪು ಮಾಡಿದ್ದ? ಹೊಲದಾಗ ದುಡಕೋತ ಇದ್ದಾವ್ನ ಕರೀದನ ಊಟಕ್ಕ ಕುಂತಾರಲ್ರಿ. ವಾದ್ಯದ ಸಪ್ಪಳ ಕೇಳಿ ಅವ ಆಳಮಗನ್ನ ಕೇಳಬೇಕಾತು."

"ಅಪ್ಪ ತಾನ ಹೊರಗ ಬಂದು ಅವನ್ನೂ ಕರದಾನಲ್ಲಪಾ" ಎಂದರು ಯಜ್ಜ.

"ಊಟ ನಡದ ಮ್ಯಾಲೆ ಕರದ್ರ ಏನ್ ಬಂತ್ರಿ? ನಾನೂ ಹಿರೇ ಮಗನ. ತಮ್ಮ ಪಾಲಿನ ಮಗ್ಗ ಮಾರಿ ಸೊಲ್ಲಾಪುರಕ್ಕ ಹ್ವಾದ. ಅಪ್ಪನ್ನ ಕಡೀತನಕ ನೋಡಿದಾವ ನಾನು."

ಯಜ್ಜನಿಗೆ ಉತ್ತರ ಹೊಳೆಯಲಿಲ್ಲ. ಪುಸ್ತಕ ಈಸಿಕೊಂಡು ಕನ್ನಡಕ ಏರಿಸಿ ಆ ಪುಟವನ್ನು ಮತ್ತೊಮ್ಮೆ ಓದಿದರು. ಬಳಿಕ ಇಬ್ಬರೂ ಚಹಾದಂಗಡಿಗೆ ಹೋಗಿ ಕೂತರು. ತಾಡಪತ್ರಿ ಕಾಯುವ ಪಾಳಿ ನಮಗೆ ಬಂತು. ಮುಂದಿನ ಭಾನುವಾರ ಆರಾಧನೆಯಲ್ಲಿ ಪ್ರಸಂಗದ ಸರದಿ ಯಜ್ಜನದೇ ಇತ್ತು. ಅರ್ಧ ತಾಸು ಹಿರಿಯ ಮಗನ ಪರ ವಕಾಲತ್ತು ಮಾಡಿದರು. ಸಭೆಯ ಹಿರಿಯರಿಗೆ ಅದು ಹಿಡಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮಗೆ ಮಾತ್ರ, ಅಂದು ಯಾರು ಯಾರಿಗೆ ಸಾರಿದ್ದೆಂದು ಚೆನ್ನಾಗಿ ಗೊತ್ತಿತ್ತು.