ರಂಗದೀಪಗಳ ಹಾಜರಿ

ಭೀಮೆಯ ದಂಡೆಯ ನಮ್ಮ ಭಂಡಾರಕವಠೆಯಲ್ಲಿ ನಾಟಕವೆಂದರೆ ಊರಿಗೆ ಊರೇ ಬಂದು ಕೂಡುವ ಕೆಲಸ. ಹಿಂದೆ ಈ ಸೀಮೆಯ ದೊಡ್ಡಾಟ ಸಣ್ಣಾಟಗಳಿಗೆ ಹಿಲಾಲಿನ ಬೆಳಕಿತ್ತು. ಬಳಿಕ ಗ್ಯಾಸಬತ್ತಿ ಬಂದಿತು. ಗಾಳಿ ಹಾಕುವವನೊಬ್ಬನು ಎಚ್ಚರವಾಗಿದ್ದರೆ ಆಟವು ಬೆಳಗಿನವರೆಗೆ ನಿರಾತಂಕವಾಗಿ ಸಾಗುತ್ತಿತ್ತು. ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ಚಿಂತೆ ನಮ್ಮ ಪಾಲಿಗೆ ಬಂದುದು.

ಕೆಲವು ವರ್ಷಗಳ ಕೆಳಗೆ ಮಕ್ಕಳ ಸ್ನೇಹಸಮ್ಮೇಳನದ ನಾಟಕಕ್ಕೆಂದು ಆರು ಎಲ್‌ಇಡಿ ದೀಪಗಳನ್ನೂ ಅವುಗಳನ್ನಾಳುವ ಪೆಟ್ಟಿಗೆಯೊಂದನ್ನೂ ಬಾಡಿಗೆಗೆ ತಂದೆವು. ಹಗಲಿನ ತಾಲೀಮಿನಲ್ಲಿ ಎರಡೇ ದೀಪ ಜೋಡಿಸಿ ನೋಡಿ, ಎಲ್ಲವೂ ಸರಿಯಿದೆಯೆಂದು ಕೈತೊಳೆದುಕೊಂಡೆವು. ರಾತ್ರಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ತಾಯಿಯ ವೇಷದಲ್ಲಿ ನಿಂತು ತನ್ನ ದೊಡ್ಡ ಮಾತನ್ನು ಆರಂಭಿಸಿದೊಡನೆ ದೀಪಗಳು ತಾವಾಗಿಯೇ ಕೆಂಪಾದವು, ನೀಲಿಯಾದವು, ಆರಿದವು, ಮತ್ತೆ ಹತ್ತಿದವು. ಜನ ನಕ್ಕರು. ಹುಡುಗಿ ಪರದೆಯ ಹಿಂದೆ ಬಂದು ಅಳುತ್ತ, “ಮಾತು ಬಾಯಾಗ ಇತ್ರಿ ಸರ, ಬೆಳಕು ಹೋತು, ಮಾತೂ ಹೋತು” ಎಂದಳು. ಎರಡು ತಿಂಗಳು ಕಷ್ಟಪಟ್ಟು ಕಲಿತ ಮಾತು ಅದು. ತಪ್ಪು ನಮ್ಮದು.

ಹಿಂದಿನ ಹವ್ಯಾಸಿಗಳು ಉಪ್ಪುನೀರಿನ ಪಾತ್ರೆಯಲ್ಲಿ ಎರಡು ಲೋಹದ ತಗಡುಗಳನ್ನು ಇಳಿಬಿಟ್ಟು ಬೆಳಕನ್ನಾಳುತ್ತಿದ್ದರು. ತಗಡುಗಳು ಸಮೀಪಿಸಿದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ, ದೀಪ ಪ್ರಖರ. ತತ್ತ್ವವನ್ನು ಕಲಿಸಲು ಸೊಗಸಾದ ಉದಾಹರಣೆ. ಆದರೆ ವಿದ್ಯಾರ್ಥಿಗಳು ಅದನ್ನು ಮಾಡಿ ನೋಡಕೂಡದು, ಮುಟ್ಟಿದರೆ ಪ್ರಾಣಕ್ಕೆ ಅಪಾಯ.

ಇಂದಿನ ಪೆಟ್ಟಿಗೆಯ ರೀತಿ ಬೇರೆ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಗೊತ್ತುಮಾಡಿದ ಡಿಎಂಎಕ್ಸ್ 512 ಎಂಬ ಕ್ರಮವನ್ನು ಅದು ಅನುಸರಿಸುತ್ತದೆ. ನಮಗೆ ತಿಳಿದ ಮಾತಿನಲ್ಲಿ ಹೇಳುವುದಾದರೆ ಅದು ಹಾಜರಿ ಕರೆಯುವ ಮಾಸ್ತರ. ಒಂದೇ ತಂತಿಯ ಮೇಲೆ 1ರಿಂದ 512ರವರೆಗೆ ಸಂಖ್ಯೆಗಳನ್ನು ಸೆಕೆಂಡಿಗೆ ಸುಮಾರು 44 ಸಲ ಕರೆಯುತ್ತದೆ. ಪ್ರತಿ ಸಂಖ್ಯೆಯೊಂದಿಗೆ ಬೆಳಕಿನ ಪ್ರಮಾಣವನ್ನೂ ಹೇಳುತ್ತದೆ. ನಮ್ಮ ದೀಪವೊಂದಕ್ಕೆ 7 ಸಂಖ್ಯೆಗಳು ಬೇಕು. ಆದುದರಿಂದ ಮೊದಲನೆಯದು 1ರಿಂದ, ಎರಡನೆಯದು 8ರಿಂದ, ಮೂರನೆಯದು 15ರಿಂದ ಕೇಳಬೇಕು. ಇಬ್ಬರು ಹುಡುಗರಿಗೆ ಒಂದೇ ಹಾಜರಿ ಸಂಖ್ಯೆ ಬಿದ್ದರೆ ಆಗುವ ಗೊಂದಲ ಇಲ್ಲಿಯೂ ಆಗುತ್ತದೆ. ಆದರೆ ದೀಪಗಳು ‘ಹಾಜರ್’ ಎಂದು ಮರುನುಡಿಯುವುದಿಲ್ಲ. ಕರೆದದ್ದು ಕೇಳಿಸಿತೋ ಇಲ್ಲವೋ ಎಂಬುದು ಪೆಟ್ಟಿಗೆಗೆ ತಿಳಿಯದು. (ನಮ್ಮ ಎಷ್ಟೋ ಪಾಠಗಳೂ ಹೀಗೆಯೇ ನಡೆದಿರಬೇಕು.)

ಆ ರಾತ್ರಿ ನಾವು ಧ್ವನಿವರ್ಧಕದ ತಂತಿಯನ್ನೇ ಸಂಕೇತಕ್ಕೆ ಬಳಸಿದ್ದೆವು. ಕೊಂಡಿ ಕೂಡಿದ ಮಾತ್ರಕ್ಕೆ ತಂತಿ ಒಂದೇ ಎಂದು ಭಾವಿಸಿದ್ದೆವು. ಅದನ್ನು ವಿದ್ಯುತ್ತಿನ ತಂತಿಯೊಡನೆ ಹುರಿಹಗ್ಗದಿಂದ ಕಟ್ಟಿಯೂ ಇದ್ದೆವು. ಎಲ್ಲಕ್ಕೂ ಮಿಗಿಲಾಗಿ ಕೊನೆಯ ದೀಪದ ತುದಿಯನ್ನು ತೆರೆದೇ ಬಿಟ್ಟಿದ್ದೆವು. ಬಾವಿಯಲ್ಲಿ ಕೂಗಿದರೆ ದನಿ ತಿರುಗಿ ಬಂದು ಮುಂದಿನ ಕೂಗಿನಲ್ಲಿ ಬೆರೆಯುವಂತೆ, ತೆರೆದ ತುದಿಯಿಂದ ಸಂಕೇತವು ಹಿಂದಿರುಗಿ ಹೊಸ ಸಂಕೇತವನ್ನು ಕಲಕುತ್ತದೆ. ತಂತಿ ಉದ್ದವಾದಷ್ಟೂ ಪೀಡೆ ಹೆಚ್ಚು. ಮದ್ದು ಮಾತ್ರ ಕೆಲವೇ ರೂಪಾಯಿಯದು: ಕೊಂಡಿಯ ಎರಡನೆಯ ಮತ್ತು ಮೂರನೆಯ ಕಡ್ಡಿಗಳ ನಡುವೆ ಬೆಸೆದ 120 ಓಮಿನ ಒಂದು ರೋಧಕ. ಅದನ್ನು ಕೊನೆಯ ದೀಪಕ್ಕೆ ಸಿಕ್ಕಿಸಿದರಾಯಿತು.

ಮರುವರ್ಷ ತಕ್ಕ ತಂತಿಯನ್ನು ತಂದು, ವಿದ್ಯುತ್ತಿನ ತಂತಿಯಿಂದ ದೂರವಾಗಿ ಎಳೆದು, ತುದಿಯನ್ನು ಮುಚ್ಚಿದೆವು. ಆರೂ ದೀಪಗಳನ್ನು ಕಟ್ಟಿ ಎರಡು ರಾತ್ರಿ ಪೂರ್ಣ ತಾಲೀಮು ನಡೆಸಿದೆವು. ಬೇರೆ ಊರಿನ ಪ್ರೌಢಶಾಲೆಗೆ ಸೇರಿದ್ದ ಆ ಹುಡುಗಿಗೆ ಹೇಳಿಕಳಿಸಿದಾಗ ಬಂದಳು. ಪಾತ್ರ ಕೊಡುತ್ತೇವೆಂದರೆ ಒಲ್ಲೆನೆಂದಳು. “ನಾ ಪೆಟ್ಟಿಗಿ ಹತ್ರ ಕುಂಡ್ರತೀನ್ರಿ ಸರ.”

ದೀಪಗಳು ಮರುನುಡಿಯದ ಕೊರತೆಗೆ ಅವಳೇ ಉಪಾಯ ಹೂಡಿದಳು. ಪ್ರತಿ ದೀಪದ ಕೆಳಗೆ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿ, ಒಂದೊಂದೇ ದೀಪವನ್ನು ಬೆಳಗಿಸುತ್ತ ಹಾಜರಿ ಕರೆದಳು. “ಒಂದು.” “ಹಾಜರ್ ಅಕ್ಕಾ.” “ಎರಡು.” “ಹಾಜರ್.” ಐದನೆಯದಕ್ಕೆ ಉತ್ತರ ಬರಲಿಲ್ಲ. ನಮ್ಮ ಎದೆ ಧಸಕ್ಕೆಂದಿತು. ಓಡಿಹೋಗಿ ನೋಡಿದರೆ ದೀಪ ಚೆನ್ನಾಗಿ ಉರಿಯುತ್ತಿತ್ತು; ಹುಡುಗ ಚುರಮುರಿ ತರಲು ಹೋಗಿದ್ದ.